ಬನ್ನಿ, ಹಕ್ಕಿ ನೋಡೋಣ

ನಿಮಗೊಂದು ಪ್ರಶ್ನೆ. ನಿಮ್ಮ ಮನೆ, ಹಿತ್ತಲು, ಹೊಲ, ಕೆರೆ ಏರಿ, ಇಷ್ಟರಲ್ಲೇ ಎಷ್ಟು ಬಗೆಯ ಹಕ್ಕಿಗಳಿವೆ? ಬೆರಳು ಮಡಚಿ ಎಣಿಸಿ ನೋಡೋಣ. ಕಾಗೆ, ಗುಬ್ಬಿ, ಪಾರಿವಾಳ, ಗಿಳಿ, ಕೋಗಿಲೆ, ಗೂಬೆ, ಹದ್ದು, ಕೊಕ್ಕರೆ. ಎಂಟಾಯಿತು. ನವಿಲು ಸೇರಿಸಿದರೆ ಒಂಬತ್ತು. ಆಮೇಲೆ ಬೆರಳು ನಿಂತುಬಿಡುತ್ತದೆ. "ಇನ್ನೂ ಏನೇನೋ ಇದ್ದಾವೆ, ಹೆಸರು ಗೊತ್ತಿಲ್ಲ" ಅಂತೀರಿ.

ಆ "ಏನೇನೋ" ಇದ್ದಾವಲ್ಲ, ಅವುಗಳ ವಿಚಾರವೇ ಈ ಪಾಠ.

ಮಡಕಶಿರಾ, ರೊಳ್ಳ, ಅಗಳಿ, ಅಮರಾಪುರ, ಗುಡಿಬಂಡೆ, ಈ ಕಡೆಯೆಲ್ಲ ಮಳೆ ಕಮ್ಮಿ. ಕಲ್ಲುಗುಡ್ಡ, ಕಡಲೆಕಾಯಿ ಹೊಲ, ಜಾಲಿ ಮುಳ್ಳು. "ಇಲ್ಲೇನು ಹಕ್ಕಿ ಇರ್ತಾವೆ, ಹಕ್ಕಿ ನೋಡಬೇಕಾದ್ರೆ ಕಾಡಿಗೆ ಹೋಗಬೇಕು" ಅಂತ ಕೆಲವರು ತಿಳಿದಿದ್ದಾರೆ. ಅದು ಸರಿಯಲ್ಲ. ದಟ್ಟ ಕಾಡಿನಲ್ಲಿ ಹಕ್ಕಿಯ ಕೂಗು ಕೇಳಿಸುತ್ತದೆ, ಹಕ್ಕಿ ಎಲೆ ಮರೆಯಲ್ಲಿ ಇರುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಕರೆಂಟು ತಂತಿ ಮೇಲೆ, ಬೇಲಿ ಮೇಲೆ, ಎಮ್ಮೆ ಬೆನ್ನ ಮೇಲೆ ಕಣ್ಣೆದುರಿಗೇ ಕೂತಿರುತ್ತದೆ. ಬಸ್ ಚಾರ್ಜು ಬೇಡ. ಬೆಳಿಗ್ಗೆ ನೀರಿಗೆ ಹೋದಾಗ, ಕೂಲಿಗೆ ಹೊರಟಾಗ, ದನ ಬಿಟ್ಟಾಗ ತಲೆ ಎತ್ತಿದರೆ ಸಾಕು.

ನೋಡುವುದು ಹೇಗೆ?

ಅಕ್ಷರ ಕಲಿಯುವ ಮೊದಲು ಬಸ್ಸಿನ ಬೋರ್ಡು ನಿಮಗೆ ಹೇಗೆ ಕಾಣುತ್ತಿತ್ತು, ನೆನಪು ಮಾಡಿಕೊಳ್ಳಿ. ಬರೀ ಗೀಟುಗಳು. ಈಗ ಅದೇ ಬೋರ್ಡು ಊರಿನ ಹೆಸರು ಹೇಳುತ್ತದೆ. ಹಕ್ಕಿಯೂ ಹಾಗೇ. ಗುರುತು ಸಿಗುವ ತನಕ ಎಲ್ಲವೂ ಬರೀ ಹಕ್ಕಿ. ಒಂದರ ಗುರುತು ಸಿಕ್ಕಿತು ಅಂದರೆ ಮಾರನೇ ದಿನ ಅದು ನಾಲ್ಕು ಕಡೆ ಕಾಣಿಸುತ್ತದೆ. ನಿನ್ನೆ ಇರಲಿಲ್ಲವೇ? ಇತ್ತು, ನಮ್ಮ ಕಣ್ಣಿಗೆ ಬಿದ್ದಿರಲಿಲ್ಲ.

ಮೊದಲು ಗಾತ್ರ ನೋಡಿ. ಗುಬ್ಬಿಯಷ್ಟಿದೆಯೇ, ಗೊರವಂಕದಷ್ಟಿದೆಯೇ, ಕಾಗೆಯಷ್ಟಿದೆಯೇ? ಆಮೇಲೆ ಕೊಕ್ಕು, ಬಾಲ. ಬಣ್ಣವನ್ನು ಕೊನೆಗೆ ನೋಡಿದರೂ ನಡೆಯುತ್ತದೆ, ಬಿಸಿಲಿನಲ್ಲಿ ಬಣ್ಣ ಮೋಸ ಮಾಡುತ್ತದೆ. ಅದಕ್ಕಿಂತ ಮುಖ್ಯ, ಹಕ್ಕಿ ಏನು ಮಾಡುತ್ತಿದೆ ಅನ್ನುವುದು. ನೆಲದ ಮೇಲೆ ಓಡುತ್ತದೋ, ಕುಪ್ಪಳಿಸುತ್ತದೋ? ಒಂದೇ ಕಡೆ ಕೂತು ಕಾಯುತ್ತದೋ? ಬೆಳಿಗ್ಗೆ ಸೂರ್ಯ ಹುಟ್ಟಿ ಎರಡು ಗಂಟೆ ಹೊತ್ತು ಹಕ್ಕಿಗಳು ಚುರುಕಾಗಿರುತ್ತವೆ. ಸಂಜೆ ಮತ್ತೆ ಒಂದು ಗಂಟೆ. ಮಧ್ಯಾಹ್ನ ಅವೂ ನಮ್ಮ ಹಾಗೆ ನೆರಳು ಹುಡುಕುತ್ತವೆ. ಹತ್ತಿರ ಹೋಗಬೇಕು ಅಂತ ನುಗ್ಗಬೇಡಿ. ಸುಮ್ಮನೆ ನಿಂತುಕೊಳ್ಳಿ. ಸ್ವಲ್ಪ ಹೊತ್ತಿಗೆ ನಿಮ್ಮನ್ನು ಕಂಬ ಅಂದುಕೊಂಡು ಅದೇ ಹತ್ತಿರ ಬರುತ್ತದೆ.

ಬಾವಿ ಮೇಲಿನ ನೇಕಾರ

ಮಳೆಗಾಲದಲ್ಲಿ ಹಳೇ ಬಾವಿಯ ಹತ್ತಿರ ಹೋಗಿ. ಬಾವಿಗೆ ಬಾಗಿದ ಈಚಲು ಮರದಲ್ಲೋ ಜಾಲಿಯಲ್ಲೋ ಸೋರೆಬುರುಡೆಯಂಥ ಗೂಡುಗಳು ತೂಗಾಡುತ್ತಿರುತ್ತವೆ. ಅದು ಗೀಜಗನ ಕೆಲಸ. ಗುಬ್ಬಿಯಷ್ಟೇ ಹಕ್ಕಿ. ಮಳೆಗಾಲದಲ್ಲಿ ಗಂಡಿನ ತಲೆ, ಎದೆ ಅರಿಶಿನ ಬಳಿದ ಹಾಗೆ ಹಳದಿಯಾಗುತ್ತದೆ. ಬೇರೆ ಕಾಲದಲ್ಲಿ ನೋಡಿದರೆ ಗುಬ್ಬಿಯೇ ಅನ್ನಬೇಕು.

ಗೂಡು ಕಟ್ಟುವುದು ಗಂಡು. ಉದ್ದ ಹುಲ್ಲಿನ ಗರಿ, ಈಚಲ ಗರಿಯ ಅಂಚನ್ನು ಕೊಕ್ಕಿನಿಂದ ಕಚ್ಚಿ ಹಾರಿದರೆ ಒಂದು ದಾರ ಸೀಳಿ ಬರುತ್ತದೆ. ಅಂಥ ನೂರಾರು ದಾರ ತಂದು ಮೊದಲು ಕೊಂಬೆಗೆ ಒಂದು ಬಳೆ ಕಟ್ಟುತ್ತದೆ. ಬಳೆಯ ಒಂದು ಕಡೆ ಕೋಣೆ ನೇಯುತ್ತದೆ. ಕೆಲಸ ಅರ್ಧ ಆದಾಗ, ತಲೆಗೆ ಹಾಕುವ ಹೆಲ್ಮೆಟ್ಟಿನ ಹಾಗೆ ಕಾಣುವಾಗ, ಕೆಲಸ ನಿಲ್ಲಿಸಿ ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣುಗಳು ಬಂದು ಒಳಗೆ ಹೊಕ್ಕು, ಎಳೆದು, ಜಗ್ಗಿ ಪರೀಕ್ಷೆ ಮಾಡುತ್ತವೆ. ಒಪ್ಪಿಗೆಯಾದರೆ ಗಂಡು ಉಳಿದ ಕೋಣೆ ಮುಗಿಸಿ, ಕೆಳಗೆ ಕೊಳವೆಯಂಥ ಬಾಗಿಲು ಇಳಿಬಿಡುತ್ತದೆ. ಒಪ್ಪದಿದ್ದರೆ ಆ ಗೂಡು ಹಾಗೇ ಅರ್ಧಕ್ಕೆ ನಿಲ್ಲುತ್ತದೆ. ಮರದಲ್ಲಿ ಅರ್ಧ ಗೂಡುಗಳು ಯಾಕಿವೆ ಅಂತ ಈಗ ತಿಳಿಯಿತಲ್ಲ? ಅವೆಲ್ಲ ಹೆಣ್ಣು ಒಪ್ಪದ ಮನೆಗಳು! ಒಂದು ಸಂಸಾರ ಹೂಡಿದ ಗಂಡು ಅಲ್ಲಿಗೇ ಸುಮ್ಮನಿರುವುದಿಲ್ಲ. ಪಕ್ಕದಲ್ಲೇ ಇನ್ನೊಂದು ಗೂಡು ಶುರು ಮಾಡುತ್ತದೆ, ಇನ್ನೊಬ್ಬಳಿಗೆ. ಮೊಟ್ಟೆಗೆ ಕಾವು ಕೊಡುವುದು ಮಾತ್ರ ಹೆಣ್ಣು ಒಂದೇ. ಈ ಮಾತು ಓದಿ ನಮ್ಮ ತಾಯಂದಿರು ನಗಬಹುದು.

ಗೂಡುಗಳು ಹೆಚ್ಚಾಗಿ ಮರದ ಪೂರ್ವ ಬದಿಗೆ ಇರುತ್ತವೆ. ಮುಂಗಾರು ಗಾಳಿ ಪಡುವಣದಿಂದ ಹೊಡೆಯುತ್ತದೆ, ಅದಕ್ಕೆ ಮರವೇ ಅಡ್ಡ. ಕೆಳಗೆ ಬಾವಿಯ ನೀರು, ಸುತ್ತ ಮುಳ್ಳು. ಹಾವು ಬರುವುದು ಕಷ್ಟ. ಗೂಡಿನ ಒಳಗೆ ಹಸಿ ಮಣ್ಣು ಮೆತ್ತಿರುತ್ತದೆ. ಅದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಅಂತ ಹಿರಿಯರು ಹೇಳುತ್ತಾರೆ. ಮಣ್ಣು ಇರುವುದು ನಿಜ, ದೀಪ ಕಟ್ಟುಕತೆ. ಮರಿಗಳು ಹಾರಿಹೋದ ಮೇಲೆ ಗೂಡು ಗಾಳಿಗೆ ಬೀಳುತ್ತದೆ. ಅಂಥದ್ದನ್ನು ಮನೆಗೆ ತಂದು ಮಕ್ಕಳಿಗೆ ತೋರಿಸಿ. ಮರದಲ್ಲಿ ಇರುವುದನ್ನು ಕೀಳಬೇಡಿ.

ಶಕುನದ ಹಕ್ಕಿಗಳು

ಹೊಲದಲ್ಲಿ ಉದ್ದ ಹಳದಿ ಕಾಲಿನ ಒಂದು ಹಕ್ಕಿ ಓಡಾಡುತ್ತದೆ. ಕಪ್ಪು ಎದೆ, ಬಿಳಿ ಹೊಟ್ಟೆ, ಕಣ್ಣ ಮುಂದೆ ಕೆಂಪು ತೊಗಲು. ಮರದ ಮೇಲೆ ಕೂರುವುದೇ ಇಲ್ಲ. ಟಿಟ್ಟಿಭ ಅಂತ ಇದರ ಹೆಸರು. ಪಂಚತಂತ್ರದಲ್ಲಿ ಸಮುದ್ರದ ಮೇಲೇ ಜಗಳಕ್ಕೆ ನಿಂತ ಹಕ್ಕಿ ಇದೇ. ರಾತ್ರಿ ಹೊತ್ತು ಕಿರುಚಿಕೊಂಡು ಮನೆ ಮೇಲೆ ಹಾರಿದರೆ ಸಾವಿನ ಸೂಚನೆ ಅಂತ ಹೆದರುವವರಿದ್ದಾರೆ. ಅದು ಯಾಕೆ ಕಿರುಚುತ್ತದೆ ಗೊತ್ತೇ? ಅದು ಗೂಡು ಕಟ್ಟುವುದಿಲ್ಲ. ಬರೀ ನೆಲದ ಮೇಲೆ, ಬೆಣಚುಕಲ್ಲುಗಳ ನಡುವೆ ಮೂರೋ ನಾಲ್ಕೋ ಮೊಟ್ಟೆ ಇಡುತ್ತದೆ. ಮೊಟ್ಟೆಯೂ ಕಲ್ಲಿನ ಬಣ್ಣ. ಕಾಲಡಿಗೇ ಇದ್ದರೂ ಕಾಣುವುದಿಲ್ಲ. ನಾಯಿ, ನರಿ, ಮನುಷ್ಯ ಯಾರೇ ಆ ಕಡೆ ಬಂದರೂ ಗಂಡು ಹೆಣ್ಣು ಎರಡೂ ಮೇಲೆದ್ದು ಕಿರುಚಿ ಓಡಿಸಲು ನೋಡುತ್ತವೆ. ಸಾವಿನ ಸುದ್ದಿ ಅಲ್ಲ ಅದು, ಮಕ್ಕಳ ಕಾವಲು. ಸುಡು ಬಿಸಿಲಲ್ಲಿ ನೀರಿಗೆ ಹೋಗಿ ಹೊಟ್ಟೆಯ ಪುಕ್ಕ ನೆನೆಸಿಕೊಂಡು ಬಂದು ಮೊಟ್ಟೆ ಮೇಲೆ ಕೂತು ತಂಪು ಮಾಡುವ ಹಕ್ಕಿ ಇದು. ನೇಗಿಲು ಹೊಡೆಯುವಾಗ ತಲೆ ಮೇಲೆ ಹೀಗೆ ಕಿರುಚಾಟ ಎದ್ದರೆ ಒಂದು ಗಳಿಗೆ ನಿಂತು ನೆಲ ನೋಡಿ. ಮೊಟ್ಟೆ ಕಂಡರೆ ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು, ಮೊಳದಗಲ ಜಾಗ ಬಿಟ್ಟು ಉಳುಮೆ ಮಾಡಬಹುದು. ಮೊಟ್ಟೆ ಒಡೆದು ಬಂದ ಮರಿ ಬೇಗನೆ ಎದ್ದು ಓಡುತ್ತದೆ, ನಿಮಗೆ ತೊಂದರೆಯಿಲ್ಲ.

ಇನ್ನೊಂದು ಶುಭ ಶಕುನದ ಹಕ್ಕಿ. ದಸರಾ ದಿನ ಪಾಲಪಿಟ್ಟ ಕಂಡರೆ ಒಳ್ಳೆಯದು ಅಂತ ತೆಲುಗು ನಾಡಿನಲ್ಲಿ ಹೇಳುತ್ತಾರೆ. ನಾವು ನೀಲಕಂಠ ಅನ್ನುತ್ತೇವೆ. (ಹೆಸರೇನೋ ನೀಲಕಂಠ, ಆದರೆ ಅದರ ಕಂಠ ನೀಲಿಯಲ್ಲ, ಕಂದು!) ಕರೆಂಟು ತಂತಿ ಮೇಲೆ ಕೂತಾಗ ಮಣ್ಣಿನ ಬಣ್ಣದ ಮಂಕು ಹಕ್ಕಿ. ನೆಲದಲ್ಲಿ ಮಿಡತೆ ಕಂಡು ರೆಕ್ಕೆ ಬಿಚ್ಚಿತೋ, ಆಕಾಶ ನೀಲಿ, ಕಡು ನೀಲಿ ಪಟ್ಟೆಗಳು ಫಳಕ್ಕನೆ ಹೊಳೆಯುತ್ತವೆ. ಮೊದಲ ಸಲ ಗಮನಿಸಿ ನೋಡಿದವರು "ಅಯ್ಯೋ, ಇದು ದಿನಾ ಇಲ್ಲೇ ಇತ್ತಲ್ಲ" ಅನ್ನದೆ ಇರುವುದಿಲ್ಲ. ಇದು ಕರ್ನಾಟಕದ ರಾಜ್ಯ ಪಕ್ಷಿ, ತೆಲಂಗಾಣದ ರಾಜ್ಯ ಪಕ್ಷಿಯೂ ಹೌದು. ಮೊದಲು ಆಂಧ್ರದ್ದೂ ಇದೇ ಆಗಿತ್ತು, 2018ರಲ್ಲಿ ಆಂಧ್ರ ಸರ್ಕಾರ ಗಿಳಿಯನ್ನು ರಾಜ್ಯ ಪಕ್ಷಿ ಮಾಡಿಕೊಂಡಿತು.

ಶುಭ ಅಂದರೂ ಅದಕ್ಕೆ ಕಷ್ಟವೇ. ದಸರಾ ಬಂತೆಂದರೆ ಕೆಲವರು ಇದನ್ನು ಹಿಡಿದು, ಕಾಲು ರೆಕ್ಕೆ ಕಟ್ಟಿ, ಬೀದಿಯಲ್ಲಿ ತೋರಿಸಿ ಕಾಸು ಕೇಳುತ್ತಾರೆ. ಇದರ ಪುಕ್ಕ ಹಸುವಿಗೆ ತಿನ್ನಿಸಿದರೆ ಹಾಲು ಹೆಚ್ಚುತ್ತದೆ ಅನ್ನುವ ನಂಬಿಕೆಯೂ ಇದೆ. ಹಾಗೇನೂ ಹೆಚ್ಚುವುದಿಲ್ಲ, ಹಾಲು ಹೆಚ್ಚುವುದು ಹಸಿ ಮೇವಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಹೀಗೆ ಹಿಡಿಯುವುದು ಅಪರಾಧ. ಪಂಜರದಲ್ಲಿ ಊರಿನ ಗಿಳಿ ಸಾಕುವುದೂ ಅಪರಾಧವೇ. ತಂತಿ ಮೇಲೆ ತಾನಾಗಿ ಕೂತ ನೀಲಕಂಠ ಕಂಡರೆ ಅದೂ ದರ್ಶನವೇ ಅಲ್ಲವೇ? ಕಾಸೂ ಬೇಡ.

ಈ ನೀಲಕಂಠ, ಕರೀ ಬಣ್ಣದ ಸೀಳು ಬಾಲದ ಕಾಜಾಣ, ಉಳುಮೆಯ ಹಿಂದೆ ಬರುವ ಬೆಳ್ಳಕ್ಕಿ ಇವೆಲ್ಲ ಹುಳ ತಿನ್ನುವ ಹಕ್ಕಿಗಳು. ಕಡಲೆಕಾಯಿ ಹೊಲದಲ್ಲಿ ಅಲ್ಲಲ್ಲಿ ಅಡ್ಡಕಡ್ಡಿ ಕಟ್ಟಿದ ಕೋಲು ನೆಡಿ ಅಂತ ಕೃಷಿ ಇಲಾಖೆಯವರು ಹೇಳುವುದು ಇವುಗಳಿಗಾಗಿಯೇ. ಕೂರಲು ಜಾಗ ಸಿಕ್ಕರೆ ಕಂಬಳಿಹುಳು, ಮಿಡತೆ ಹಿಡಿದು ತಿನ್ನುತ್ತವೆ.

ಇನ್ನು ಕೋಗಿಲೆ. ಯುಗಾದಿ ಹೊತ್ತಿಗೆ "ಕುಹೂ" ಅನ್ನುವುದು ಗಂಡು. ಅದು ಕಪ್ಪು, ಕಣ್ಣು ಕೆಂಪು. ಹೆಣ್ಣು ಕಪ್ಪಲ್ಲ, ಕಂದು ಬಣ್ಣ, ಮೈ ತುಂಬ ಬಿಳಿ ಚುಕ್ಕೆ. ಬೇರೆ ಯಾವುದೋ ಹಕ್ಕಿ ಅಂತಲೇ ಬಹಳ ಜನ ತಿಳಿದಿದ್ದಾರೆ. ಕಾಗೆ ಗೂಡಿನಲ್ಲಿ ಕದ್ದು ಮೊಟ್ಟೆ ಇಡುವುದು ಇವಳೇ.

ಎರಡು ಭಾಷೆಯ ಹೆಸರು

ನಾವು ಗಡಿಯವರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು. ಹಕ್ಕಿಗಳಿಗೂ ನಮ್ಮಲ್ಲಿ ಎರಡೆರಡು ಹೆಸರು. ಕೆಲವು ಹೆಸರು ಅಕ್ಕತಂಗಿಯರ ಹಾಗಿವೆ. ಕನ್ನಡದ ಗೀಜಗ ತೆಲುಗಿನಲ್ಲಿ ಗಿಜಿಗಾಡು. ಗೊರವಂಕ ಅಲ್ಲಿ ಗೋರಿಂಕ. ಗೂಬೆ ಗುಡ್ಲಗೂಬ. ಕೆಲವು ಕೇಳಲು ಬೇರೆ. ಗುಬ್ಬಿಗೆ ಪಿಚ್ಚುಕ, ನವಿಲಿಗೆ ನೆಮಲಿ, ಕೊಕ್ಕರೆಗೆ ಕೊಂಗ. ಊರಿನ ಹಿರಿಯರನ್ನು, ದನ ಕಾಯುವವರನ್ನು ಕೇಳಿ. ಪುಸ್ತಕದಲ್ಲಿ ಇಲ್ಲದ ಹೆಸರು ಅವರ ಬಾಯಲ್ಲಿ ಇರುತ್ತದೆ. ಅದನ್ನು ಬರೆದಿಟ್ಟುಕೊಳ್ಳದಿದ್ದರೆ ಅವರ ಜೊತೆಗೇ ಹೋಗುತ್ತದೆ. ಬರೆಯಲು ಕಲಿತಿದ್ದೀರಲ್ಲ, ಒಂದು ನೋಟ್‌ಬುಕ್ ಇಡಿ. ಹೀಗೆ ಬರೆದರೆ ಸಾಕು:

"ಸೋಮವಾರ ಬೆಳಿಗ್ಗೆ. ಹಳೇ ಬಾವಿ, ಈಚಲ ಮರ. ಗೀಜಗನ ಗೂಡು ಆರು. ಅದರಲ್ಲಿ ಎರಡು ಅರ್ಧ. ಒಂದು ಹೆಣ್ಣು ಬಂದು ನೋಡಿ ಹೋಯಿತು."

ನಾಲ್ಕು ಸಾಲು ಆಯಿತು. ಮುಂದಿನ ವರ್ಷ ಅದೇ ತಿಂಗಳು ಮತ್ತೆ ಬರೆದು ಹೋಲಿಸಿ. ಗೂಡು ಹೆಚ್ಚಿದೆಯೇ, ಕಮ್ಮಿಯೇ? ಈಚಲ ಮರವೇ ಇಲ್ಲವೇ? ಚಿತ್ರ ನೋಡಿ ಗುರುತು ಹಿಡಿಯಬೇಕೆಂದರೆ ಪೂರ್ಣಚಂದ್ರ ತೇಜಸ್ವಿಯವರ "ಕನ್ನಡ ನಾಡಿನ ಹಕ್ಕಿಗಳು" ಪುಸ್ತಕ ಇದೆ. ಗ್ರಂಥಾಲಯದಲ್ಲಿ ಕೇಳಿ. ದನಿ ಕೇಳಿಸಿದರೆ ಹಕ್ಕಿಯ ಹೆಸರು ಹೇಳುವ ಆ್ಯಪ್‌ಗಳೂ ಮೊಬೈಲಿಗೆ ಬಂದಿವೆ. ಮನೆಯ ಹುಡುಗರಿಗೆ ಹೇಳಿದರೆ ಹಾಕಿಕೊಡುತ್ತಾರೆ. ಆದರೆ ಅದು ಹೇಳಿದ್ದೆಲ್ಲ ನಿಜವಲ್ಲ, ಕಣ್ಣಿನಿಂದ ನೋಡಿ ಒಪ್ಪಬೇಕು.

ಹುಣಸೆ ಮರದ ಕೊಕ್ಕರೆಗಳು

ಈಗ ನಮ್ಮ ಶ್ರೀ ಸತ್ಯಸಾಯಿ ಜಿಲ್ಲೆಯದೇ ಒಂದು ಊರಿನ ಮಾತು. (2022ರ ತನಕ ಇದು ಅನಂತಪುರ ಜಿಲ್ಲೆಯಲ್ಲಿತ್ತು.) ಹಿಂದೂಪುರ, ಲೇಪಾಕ್ಷಿಯ ಆಚೆ ಚಿಲಮತ್ತೂರು ಮಂಡಲದಲ್ಲಿ ವೀರಾಪುರ ಅಂತ ಹಳ್ಳಿ. ಸಂಕ್ರಾಂತಿ ಆಸುಪಾಸಿನಿಂದ ಆ ಊರಿನ ಹುಣಸೆ ಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಬಂದು ಇಳಿಯುತ್ತವೆ. ಊರಾಚೆ ಅಲ್ಲ, ಮನೆಗಳ ನಡುವೆಯೇ. ಮೂರಡಿ ಎತ್ತರದ ಹಕ್ಕಿ. ಬಿಳಿ ಮೈ, ಎದೆಗೆ ಕಪ್ಪು ಪಟ್ಟಿ, ಕಿತ್ತಳೆ ಬಣ್ಣದ ಬೋಳು ಮುಖ, ಹಳದಿ ಕೊಕ್ಕು. ಬಾಲದ ಹತ್ತಿರ ಗುಲಾಬಿ ಬಣ್ಣದ ಪುಕ್ಕ, ಹೊಸ ಸೀರೆಯ ಸೆರಗಿನ ಹಾಗೆ.

ಇವುಗಳನ್ನು "ಸೈಬೀರಿಯಾದಿಂದ ಬಂದಾವೆ" ಅಂತಾರೆ. ಪತ್ರಿಕೆಯಲ್ಲೂ ಹಾಗೇ ಬರೆಯುತ್ತಾರೆ. ಅಲ್ಲ. ಬಣ್ಣದ ಕೊಕ್ಕರೆ ನಮ್ಮ ದೇಶದ ಹಕ್ಕಿಯೇ. ಕೆರೆಯಿಂದ ಕೆರೆಗೆ, ಜಿಲ್ಲೆಯಿಂದ ಜಿಲ್ಲೆಗೆ ನೀರು ಮೀನು ಹುಡುಕಿ ತಿರುಗುತ್ತದೆ, ಅಷ್ಟೇ. ನಿಜವಾಗಿ ದೂರದಿಂದ ಬರುವ ಹಕ್ಕಿ ನಮ್ಮ ಕಣ್ಣಿಗೇ ಬೀಳುವುದಿಲ್ಲ. ಚಳಿಗಾಲದಲ್ಲಿ ಹಳ್ಳದ ಬಂಡೆ ಹತ್ತಿರ ಬಾಲವನ್ನು ಮೇಲೆ ಕೆಳಗೆ ಕುಣಿಸುತ್ತ ಓಡಾಡುವ, ಹೊಟ್ಟೆ ಹಳದಿಯಾದ ಗುಬ್ಬಿ ಗಾತ್ರದ ಬೂದು ಸಿಪಿಲೆ ಇದೆಯಲ್ಲ, ಅದು ಹಿಮಾಲಯದ ಕಡೆಯಿಂದ ಬಂದದ್ದು!

ಬಣ್ಣದ ಕೊಕ್ಕರೆ ಮೀನು ಹಿಡಿಯುವುದು ಕಣ್ಣಿನಿಂದಲ್ಲ. ಕೊಕ್ಕನ್ನು ಅರ್ಧ ತೆರೆದು ನೀರಿನಲ್ಲಿ ಇಟ್ಟು, ಆ ಕಡೆ ಈ ಕಡೆ ಆಡಿಸುತ್ತ ನಡೆಯುತ್ತದೆ. ಮೀನು ತಾಗಿತೋ, ಪಟ್ಟನೆ ಮುಚ್ಚುತ್ತದೆ. ಅದಕ್ಕೇ ಅದಕ್ಕೆ ಮೊಳಕಾಲುದ್ದ ನೀರು ಬೇಕು. ಕೆರೆ ಕೋಡಿ ಬಿದ್ದರೂ ಕಷ್ಟ, ಒಣಗಿದರೂ ಕಷ್ಟ. ಬೇಸಿಗೆಗೆ ಕೆರೆ ಇಳಿದು, ಮೀನು ಒಂದು ಕಡೆ ಸೇರುವ ಕಾಲಕ್ಕೆ ಸರಿಯಾಗಿ ಮರಿ ಮಾಡುತ್ತದೆ. ನುಂಗಿದ ಮೀನನ್ನು ಗೂಡಿನಲ್ಲಿ ಕಕ್ಕಿ ಮರಿಗಳಿಗೆ ತಿನ್ನಿಸುತ್ತದೆ. ಏಪ್ರಿಲ್ ಬಿಸಿಲಿಗೆ ತಾಯಿಯೋ ತಂದೆಯೋ ರೆಕ್ಕೆ ಅಗಲಿಸಿ ಕೊಡೆಯ ಹಾಗೆ ನಿಂತಿರುವುದನ್ನು ಕೆಳಗಿನಿಂದಲೇ ನೋಡಬಹುದು. ಮರಿಗಳು ಬೂದು ಬಣ್ಣ. ದೊಡ್ಡವರ ಬಣ್ಣ ಬರಲು ಎರಡು ಮೂರು ವರ್ಷ ಬೇಕು.

ಇಲ್ಲಿ ಒಂದು ಲೆಕ್ಕ ಹಾಕಿ. ಹುಣಸೆ ಹಣ್ಣಾಗುವುದು ಯಾವಾಗ? ಶಿವರಾತ್ರಿಯಿಂದ ಯುಗಾದಿ ತನಕ. ಕೊಕ್ಕರೆ ಗೂಡಿನಲ್ಲಿ ಮೊಟ್ಟೆ, ಮರಿ ಇರುವುದೂ ಆಗಲೇ. ಕೊಂಬೆ ಹಿಡಿದು ಅಲ್ಲಾಡಿಸಿದರೆ ಹುಣಸೆಯ ಜೊತೆಗೆ ಮರಿಯೂ ಬೀಳುತ್ತದೆ. ಹುಣಸೆಗೆ ಹೆಸರಾದ ಹಿಂದೂಪುರ ಮಾರುಕಟ್ಟೆ ಹತ್ತಿರದಲ್ಲೇ ಇದ್ದರೂ, ಗೂಡಿರುವ ಮರದ ಫಸಲು ಕೈಗೆ ಬರುವುದು ಕಷ್ಟ. ಮೇಲೆ ಹಿಕ್ಕೆಯ ವಾಸನೆ, ಕೊಳೆತ ಮೀನಿನ ವಾಸನೆ. ಅಂಗಳದಲ್ಲಿ ಮಂಚ ಹಾಕುವಂತಿಲ್ಲ. ಆದರೂ ವೀರಾಪುರದವರು ಅವುಗಳನ್ನು ಓಡಿಸಿಲ್ಲ. ಕೊಕ್ಕರೆ ಬಂದ ವರ್ಷ ಊರಿಗೆ ಒಳ್ಳೆಯದು ಅನ್ನುವುದು ಅವರ ನಂಬಿಕೆ. ಟಿಟ್ಟಿಭದ ಅಪಶಕುನ ಸುಳ್ಳು ಅಂತ ಮೇಲೆ ಬರೆದೆವು. ಈ ನಂಬಿಕೆಯನ್ನು ಮಾತ್ರ ಸುಳ್ಳು ಅನ್ನಲು ಮನಸ್ಸು ಬರುವುದಿಲ್ಲ. ಕೆರೆಯಲ್ಲಿ ನೀರು, ಮೀನು ಇದ್ದ ವರ್ಷ ತಾನೇ ಕೊಕ್ಕರೆ ಬರುವುದು?

ಮಡಕಶಿರಾದಿಂದ ಶಿರಾ ಕಡೆಗೆ ಹೋದರೆ, ಶಿರಾ ತಾಲ್ಲೂಕಿನ ಕಗ್ಗಲಡು ಊರಲ್ಲೂ ಇದೇ ಕೊಕ್ಕರೆಗಳು ಹುಣಸೆ ಮರದಲ್ಲಿ ಗೂಡು ಕಟ್ಟುತ್ತವೆ. ಜೊತೆಗೆ ಬೂದು ಬಕಗಳು. ಇನ್ನೂ ಆಚೆ, ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕೊಕ್ಕರೆಯ ಜೊತೆ ಹೆಜ್ಜಾರ್ಲೆಗಳೂ ಇವೆ. ಅಲ್ಲಿಯವರು ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಮಗಳು ಅಂತಾರೆ. ಮರದಡಿಯ ಹಿಕ್ಕೆ ಮಣ್ಣನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡರು. ಊರಿನ ಯುವಕರು "ಹೆಜ್ಜಾರ್ಲೆ ಬಳಗ" ಅಂತ ಕಟ್ಟಿಕೊಂಡು ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು. ಹಕ್ಕಿ ಕೂತ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆಯೂ ಅಲ್ಲಿ ಬಂತು. 2007ರಲ್ಲಿ ಆ ಜಾಗ ಸಮುದಾಯ ಮೀಸಲು ಪ್ರದೇಶ ಆಯಿತು. ಮರ ಸಾಕುವವರಿಗೆ ಮನಸ್ಸು ಇದ್ದರೆ ಸಾಲದು, ಮನೆ ಖರ್ಚೂ ನಡೆಯಬೇಕು. ಹಕ್ಕಿ ನೋಡಲು ಬರುವ ನಾವು ಇದನ್ನು ಮರೆಯಬಾರದು. ದೊಡ್ಡ ಹುಣಸೆ ಮರ ಸೌದೆಗೆ, ಇಟ್ಟಿಗೆ ಗೂಡಿಗೆ ಹೋದರೆ ಅಷ್ಟು ದೊಡ್ಡ ಇನ್ನೊಂದು ಮರ ಬರಲು ಒಂದು ತಲೆಮಾರು ಬೇಕು. ಕೊಕ್ಕರೆಗಳು ಅಷ್ಟು ದಿನ ಕಾಯುವುದಿಲ್ಲ.

ವೀರಾಪುರಕ್ಕೆ ಹೋಗುವುದಾದರೆ ಫೆಬ್ರವರಿಯಿಂದ ಮೇ ಒಳಗೆ ಹೋಗಿ. ಬೆಳಿಗ್ಗೆ ಬೇಗ ತಲುಪಿ. ಅಲ್ಲಿ ಜನರ ಮನೆಗಳಿವೆ, ಅಂಗಳಕ್ಕೆ ಹೋಗುವ ಮುಂಚೆ ಮನೆಯವರನ್ನು ಒಂದು ಮಾತು ಕೇಳಿ. ಚಪ್ಪಾಳೆ ತಟ್ಟಿ, ಕಲ್ಲು ಬೀರಿ ಹಕ್ಕಿ ಎಬ್ಬಿಸಬೇಡಿ. ಗಾಬರಿಯಿಂದ ದೊಡ್ಡವು ಎದ್ದರೆ ಮೊಟ್ಟೆ ಉರುಳುತ್ತದೆ, ಕಾಗೆ ಬಂದು ಕುಕ್ಕುತ್ತದೆ. ಮರಿ ಕೆಳಗೆ ಬಿದ್ದದ್ದು ಕಂಡರೆ ಊರಿನವರಿಗೆ ತಿಳಿಸಿ. ಮತ್ತೆ, ಮರದ ಕೆಳಗೆ ನಿಂತು ಬಾಯಿ ತೆರೆದುಕೊಂಡು ಮೇಲೆ ನೋಡಬೇಡಿ. ತಲೆ ಮೇಲೆ ಒಂದು ಟವಲು ಇರಲಿ.